ಐದು ಹೊಲದ ಹಕ್ಕಿ ಕಾಯ್ದ ನನ್ನ ತಂಗಿ

ನಾವು ಸಣ್ಣವರಿದ್ದ ಕಾಲಕ್ಕೆ ಚಳಿ ಬಿತ್ತೆಂದರೆ ನಮ್ಮೂರ ಶಾಲೆಯ ಅರ್ಧ ಮಕ್ಕಳು ಕಾಣೆಯಾಗುತ್ತಿದ್ದರು. ಜ್ವರ ಬಂದು ಅಲ್ಲ, ಊರು ಬಿಟ್ಟೂ ಅಲ್ಲ. ಬಿಳಿಜೋಳದ ತೆನೆ ಹಾಲು ತುಂಬುವ ಹೊತ್ತಿಗೆ ಹಕ್ಕಿಗಳು ಬರುತ್ತಿದ್ದವು, ಹಕ್ಕಿಗಳ ಹಿಂದೆ ನಾವು ಹೋಗುತ್ತಿದ್ದೆವು. ಮಾಸ್ತರರು ಹಾಜರಿ ಕೂಗಿದಾಗ ಉಳಿದವರು ‘ಹಕ್ಕಿಗೆ ಹೋಗ್ಯಾನ್ರಿ’ ಅನ್ನುವುದು, ಅವರು ತಲೆಯೆತ್ತದೆ ಮುಂದಿನ ಹೆಸರಿಗೆ ಹೋಗುವುದು. ಸವದತ್ತಿ, ಬೈಲಹೊಂಗಲ, ರಾಮದುರ್ಗದ ಕಡೆಯ ಎರೆಹೊಲದಲ್ಲಿ ಬೆಳೆದ ನನ್ನ ಓರಗೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಹೊಲ ಹೂಲಿಯ ಹಳೆಯ ಗುಡಿಗಳನ್ನು ದಾಟಿದ ಮೇಲೆ ಬರುತ್ತಿತ್ತು. ಗುಡ್ಡದ ಬುಡದಿಂದ ಹಳ್ಳದವರೆಗೆ ಐದು ಹೊಲಗಳು ಒಂದರ ಕೆಳಗೊಂದು ಸಾಲಾಗಿದ್ದವು. ನಡುವಿನದು ನಮ್ಮದು. ಅದರ ಕೆಳಗಿನದು ಇಮಾಮಸಾಬ ಕಾಕಾನದು. ಕಾಕಾ ಯಲ್ಲಮ್ಮನ ಗುಡ್ಡಕ್ಕೆ ಜನರನ್ನು ಒಯ್ಯುವ ಟೆಂಪೋ ಹೊಡೆಯುತ್ತಿದ್ದ. ಅವನ ಮಗ ಬಾಬು ನನ್ನ ಗೆಳೆಯ. ಪ್ರತಿ ಹೊಲದಲ್ಲೂ ನಾಲ್ಕು ಗೂಟದ ಮೇಲೊಂದು ಅಟ್ಟ, ಅಟ್ಟದ ಮೇಲೆ ಆ ಮನೆಯ ಮಕ್ಕಳು, ಕೈಯಲ್ಲಿ ಕವಣೆ ಇಲ್ಲವೆ ಖಾಲಿ ಡಬ್ಬಿ.

ನಸುಕಿನಲ್ಲೇ ಕಂಬಳಿ ಹೊದ್ದು ಹೋಗಬೇಕು. ಅವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರಿನ ಗಂಟು ಅಟ್ಟದ ಗೂಟಕ್ಕೆ ತೂಗುತ್ತಿರುತ್ತಿತ್ತು. ಬಿಸಿಲೇರಿ ಹಕ್ಕಿಗಳು ಮರ ಸೇರಿದ ಮೇಲೆ ಕುಳ್ಳಿನ ಬೆಂಕಿಯಲ್ಲಿ ಎಳೆಯ ತೆನೆ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಆ ಬಿಸಿ ಸೀತನಿಯನ್ನು ಬೆಲ್ಲದ ಜೊತೆ ತಿನ್ನುತ್ತಿದ್ದೆವು. ಸುಟ್ಟ ಹಾಲುಗಾಳಿನ ವಾಸನೆ ಸಂಜೆಯವರೆಗೂ ಅಂಗಿಯಿಂದ ಹೋಗುತ್ತಿರಲಿಲ್ಲ.

ನಾನು ಏಳನೆಯ ತರಗತಿಯಲ್ಲಿದ್ದೆ, ಹೆಸರಿಗೆ ಮಾತ್ರ. ನನ್ನ ಓದು ಅಲ್ಲಿಗೇ ಮುಗಿಯಿತು. ಆದರೆ ಕವಣೆಯಲ್ಲಿ ಆ ಐದೂ ಹೊಲದಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಕಲ್ಲು ಹೋಗುವ ಸದ್ದಿಗೇ ಗಿಳಿಗಳ ಹಿಂಡು ಏಳುತ್ತಿತ್ತು. ಬಾಬು, ಮೇಲಿನ ಹೊಲದ ಶಂಕ್ರಿ, ಎಲ್ಲರೂ ಬೀಸುವುದನ್ನು ಕಲಿಸು ಎಂದು ನನ್ನ ಹಿಂದೆ ಬೀಳುತ್ತಿದ್ದರು. ಹಕ್ಕಿ ಕಾಯುವವರ ನಾಯಕ ನಾನೇ ಎಂದುಕೊಂಡಿದ್ದೆ.

ತಂಗಿ ನೀಲವ್ವ ಐದನೆಯ ತರಗತಿ. ಯಾವುದನ್ನೇ ಹೀಗೆ ಮಾಡು ಎಂದರೂ ಯಾಕೆ ಎಂದು ಕೇಳುವ ಹುಡುಗಿ. ಅವ್ವ ಬೇಸತ್ತು ಅವಳನ್ನು ಯಾಕವ್ವ ಎಂದೇ ಕರೆಯುತ್ತಿದ್ದಳು. ಆ ವರ್ಷ ಒಂದು ದಿನ ನೀಲವ್ವ ಡಬ್ಬಿಯನ್ನು ಪಕ್ಕಕ್ಕಿಟ್ಟು, ಬದುವಿನ ಮೇಲಿದ್ದ ಹಳೆಯ ಗುಡಿಯ ಕಲ್ಲಿನ ಮೇಲೆ ಸುಮ್ಮನೆ ಕುಳಿತುಬಿಟ್ಟಳು. ಗಿಳಿಗಳು ಇಳಿದರೂ ಏಳಲಿಲ್ಲ. ನನಗೆ ಸಿಟ್ಟು ಬಂತು.

“ಹಕ್ಕಿ ತಿನ್ನಾಕತ್ತಾವ, ನೀ ಪೂಜಿಗೆ ಕುಂತಂಗ ಕುಂತೀಯಲ್ಲ?”

“ನಾವು ಓಡಿಸಿದ ಹಕ್ಕಿ ಎಲ್ಲಿ ಹೋಗತಾವ ಅಂತ ನೋಡಾಕತ್ತೇನಿ, ಅಣ್ಣಾ.”

“ಎಲ್ಲೆರ ಹೋಗ್ಲಿ. ನಮ್ಮ ಹೊಲ ಬಿಟ್ರ ಸಾಕಲ್ಲ.”

“ಬಾಬುನ ಹೊಲಕ್ಕ ಹೋಗತಾವ. ಅಂವ ಓಡಿಸಿದ್ರ ಮತ್ತ ನಮ್ಮ ಹೊಲಕ್ಕ. ಮುಂಜಾನಿಂದ ಅವ ಹಕ್ಕಿ. ನಾವೇನ ಕಾಯಾಕತ್ತಿಲ್ಲ ಬಿಡು, ಹಕ್ಕಿಗೆ ಕವಾಯತು ಮಾಡಸಾಕತ್ತೇವಿ.”

ನಕ್ಕೆ. ಆದರೆ ಮಾತು ನಿಜವಾಗಿತ್ತು. ನಮ್ಮ ಅಜ್ಜಂದಿರ ಕಾಲದಿಂದಲೂ ಪ್ರತಿ ಮನೆಯೂ ತನ್ನ ಹೊಲವನ್ನಷ್ಟೇ ಕಾಯುತ್ತ ಬಂದಿತ್ತು. ಹಕ್ಕಿಯನ್ನು ಪಕ್ಕದವನ ಬದುವಿಗೆ ದಾಟಿಸಿದರೆ ಕೆಲಸ ಮುಗಿಯಿತು. ಒಂದು ಹೊತ್ತು ಏನೂ ಮಾಡದೆ ಕುಳಿತು ನೋಡುವುದೂ ಕೆಲಸವೇ ಎಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಅವಳು ಯೋಚಿಸಿದ್ದು ಇಷ್ಟು. ಬೆಳಗಿನ ಹಕ್ಕಿಗಳು ಬರುವುದು ಗುಡ್ಡದ ಕಡೆಯಿಂದ. ಮೊದಲು ಮೇಲಿನ ಹೊಲದಲ್ಲಿ ಡಬ್ಬಿ ಬಾರಿಸಬೇಕು. ಹಕ್ಕಿ ಎದ್ದು ಕೆಳಗೆ ಬಂದಾಗ ಅಲ್ಲಿಯವರು ಬಾರಿಸಬೇಕು, ಆಮೇಲೆ ಅದರ ಕೆಳಗಿನವರು. ಹೀಗೆ ಎಲ್ಲರೂ ಒಂದೇ ದಿಕ್ಕಿಗೆ ದಾಟಿಸುತ್ತ ಹೋದರೆ ಹಕ್ಕಿಗಳು ಹಳ್ಳದಾಚೆಯ ಬೀಳು ನೆಲ ಸೇರುತ್ತವೆ. ಅಲ್ಲಿ ಹುಲ್ಲಿನ ಬೀಜ ಬೇಕಾದಷ್ಟಿತ್ತು. ಎರಡು ಹೊಲದ ನಡುವಿನ ಬದುವಿನಲ್ಲಿ ನಿಂತರೆ ಒಬ್ಬರೇ ಎರಡನ್ನೂ ಕಾಯಬಹುದು. ಅಂದರೆ ಅರ್ಧ ಮಕ್ಕಳು ಹೊಲದಲ್ಲಿ, ಅರ್ಧ ಮಕ್ಕಳು ಶಾಲೆಯಲ್ಲಿ, ಮರುದಿನ ಅದಲುಬದಲು.

ಉಳಿದವರನ್ನು ಒಪ್ಪಿಸಿದ ರೀತಿಯೂ ಅವಳದೇ. ಹೀಗೆ ಮಾಡಿ ಎಂದು ಯಾರಿಗೂ ಹೇಳಲಿಲ್ಲ. ನಿನ್ನ ಹೊಲದಿಂದ ಎದ್ದ ಹಕ್ಕಿ ಎಲ್ಲಿ ಕೂಡುತ್ತವೆ ನೋಡಿ ಹೇಳು ಎಂದು ಒಬ್ಬೊಬ್ಬರನ್ನೇ ಕೇಳಿಕೊಂಡಳು. ನೋಡಿ ಬಂದವರು ಅದೇ ಮಾತನ್ನು ತಮ್ಮದೆಂಬಂತೆ ಹೇಳತೊಡಗಿದರು, ಇವಳು ಹೌದಲ್ಲ ಎಂದು ತಲೆಯಾಡಿಸಿದಳು. ಗುಡ್ಡದ ಬುಡಕ್ಕೆ ಎಲ್ಲರಿಗಿಂತ ಮೊದಲು ಹೋಗಿ ಚಳಿಯಲ್ಲಿ ನಿಲ್ಲಲು ಶಂಕ್ರಿ ಒಲ್ಲೆ ಎಂದಾಗ ಆ ಜಾಗವನ್ನು ತಾನೇ ತೆಗೆದುಕೊಂಡಳು.

ಕೆಲವೇ ದಿನಗಳಲ್ಲಿ ಐದೂ ಹೊಲದ ದೊಡ್ಡವರು ಬದುವಿಗೆ ಬಂದು ನಿಂತು ನೋಡತೊಡಗಿದರು. ಮೇಲೊಂದು ಡಬ್ಬಿ ಸದ್ದು, ಅದರ ಕೆಳಗೊಂದು, ಮತ್ತೊಂದು. ಹಕ್ಕಿಗಳ ಹಿಂಡು ಯಾರೋ ಬಟ್ಟೆ ಎಳೆದಂತೆ ಹೊಲಗಳ ಮೇಲಿಂದ ಸರಿದು ಹಳ್ಳ ದಾಟುತ್ತಿತ್ತು. ಅದನ್ನು ನೋಡುವುದೇ ಒಂದು ಚೆಂದ. ಶಾಲೆಯಲ್ಲಿ ಬೆಂಚುಗಳು ತುಂಬತೊಡಗಿದವು.

ಆ ವರ್ಷ ಒಂದು ಭಾನುವಾರ ಸವದತ್ತಿಯಲ್ಲಿ ವಸತಿ ಶಾಲೆಯ ಪ್ರವೇಶ ಪರೀಕ್ಷೆ ಇತ್ತು. ಐದನೆಯ ತರಗತಿಯವರು ಮಾತ್ರ ಬರೆಯಬಹುದು. ನೀಲವ್ವನನ್ನು ಕೂರಿಸಲೇಬೇಕು ಎಂದು ಮಾಸ್ತರರು ಮನೆಗೆ ಬಂದು ಹೇಳಿಹೋಗಿದ್ದರು. ಹಕ್ಕಿ ಕಾಯುವವರಾರು ಎಂದು ಅಪ್ಪ ಮೊದಲು ಒಪ್ಪಿರಲಿಲ್ಲ. ಈಗ ಅವನೇ ಐತವಾರ ಕರೆದೊಯ್ಯುತ್ತೇನೆ ಎಂದ. ನೀಲವ್ವ ಅವತ್ತು ರಾತ್ರಿ ಊಟವನ್ನೇ ಮರೆತಳು.

ಮತ್ತು ನಾನು? ನನಗೆ ಮಾಡಲು ಏನೂ ಉಳಿದಿರಲಿಲ್ಲ. ಡಬ್ಬಿ ಬಾರಿಸಲು ಕವಣೆಗಾರ ಬೇಕಿಲ್ಲ. ಏನೇ ಬಂದರೂ ಹುಡುಗರು ನೀಲವ್ವ ಏನನ್ನುತ್ತಾಳೆ ಎಂದು ಕೇಳುತ್ತಿದ್ದರು. ಒಂದು ದಿನ ಬಾಬು ನಗುನಗುತ್ತಲೇ ಅಂದ, “ಏನಪಾ, ತಂಗಿ ಡಬ್ಬಿ ಬಡದ್ಲಂದ್ರ ನೀ ಕುಣೀತಿ.” ಅವನ ಮಾತಿನಲ್ಲಿ ವಿಷವಿರಲಿಲ್ಲ. ಅದನ್ನು ವಿಷ ಮಾಡಿಕೊಂಡವನು ನಾನು.

ಪರೀಕ್ಷೆಗೆ ಮೊದಲಿನ ಶುಕ್ರವಾರ ನಮ್ಮ ಮತ್ತು ಬಾಬುನ ಹೊಲದ ನಡುವಿನ ಬದು ನನ್ನ ಪಾಲಿಗಿತ್ತು. ಬಾಬು ನನ್ನನ್ನು ನಂಬಿ ಶಾಲೆಗೆ ಹೋಗಿದ್ದ. ಮೇಲೆ ನೀಲವ್ವ ಡಬ್ಬಿ ಬಾರಿಸಿದಳು. ಹಿಂಡು ನಮ್ಮತ್ತ ಬಂತು. ನಾನು ಡಬ್ಬಿ ಮುಟ್ಟಲಿಲ್ಲ. ಅಟ್ಟದ ಕೆಳಗೆ ಕುಳಿತು ಸೀತನಿ ಸುಟ್ಟುಕೊಂಡು ತಿಂದೆ. ಒಂದು ಸಲ ಈ ಏರ್ಪಾಡು ಕೆಡಲಿ, ಎಲ್ಲರೂ ನಗಲಿ, ಆಗ ನೀಲವ್ವ ಅಣ್ಣಾ ಏನು ಮಾಡೋಣ ಎಂದು ನನ್ನ ಹತ್ತಿರ ಬರಲಿ. ಅಷ್ಟೇ ಇತ್ತು ನನ್ನ ಮನಸ್ಸಿನಲ್ಲಿ. ಮೇಲಿಂದ ಮತ್ತೆ ಮತ್ತೆ ಡಬ್ಬಿಯ ಸದ್ದು ಬಂತು. ಹಕ್ಕಿಗಳೆಲ್ಲ ಬಾಬುನ ಹೊಲದ ಮೇಲೆ ಇಳಿದವು. ಕೆಳಗೆ ಹಳ್ಳದ ಕಡೆ ಡಬ್ಬಿ ಹಿಡಿದು ಕಾದಿದ್ದವನಿಗೆ ನನ್ನ ಸದ್ದು ಬಾರದೆ ಏನೂ ತಿಳಿಯಲಿಲ್ಲ. ನಾನು ಎದ್ದು ನೋಡುವಷ್ಟರಲ್ಲಿ ಬಿಸಿಲು ಬಲಿತಿತ್ತು, ಕಾಕಾನ ಹೊಲದ ಮೇಲಿನ ಮಗ್ಗಲಿನ ತೆನೆಗಳು ಬರೀ ದಂಟಿನ ಮೇಲಿನ ಕಡ್ಡಿಯಂತೆ ನಿಂತಿದ್ದವು.

ಸಂಜೆ ಇಮಾಮಸಾಬ ಕಾಕಾ ಮನೆಗೆ ಬಂದ. ಜಗಳಕ್ಕೆ ಬರಲಿಲ್ಲ. ಕಟ್ಟೆಯ ಮೇಲೆ ಕುಳಿತು ನೀರು ಕುಡಿದು ಅಪ್ಪನಿಗೆ ಮೆಲ್ಲಗೆ ಹೇಳಿದ, “ಸಂಗಪ್ಪಣ್ಣಾ, ಹುಡುಗರ ಮಾತ ಕೇಳಿ ನಾವ ತಪ್ಪ ಮಾಡಿದ್ವಿ ಅನಸ್ತೈತಿ.” ಬೈದಿದ್ದರೆ ಅಪ್ಪ ತಡೆದುಕೊಳ್ಳುತ್ತಿದ್ದ. ಇದನ್ನು ತಡೆಯಲಾಗಲಿಲ್ಲ. ಏನಾಯಿತು ಎಂದು ನನ್ನನ್ನು ಕೇಳಿದ. ಗಾಳಿಗೆ ಮೇಲಿನ ಸದ್ದು ಕೇಳಿಸಲಿಲ್ಲ ಎಂದೆ.

ನೀಲವ್ವ ನನ್ನ ಮುಖ ನೋಡಲಿಲ್ಲ. ಅಪ್ಪನ ಮುಂದೆ ಬಂದು ನಿಂತು, “ಅಪ್ಪಾ, ತಪ್ಪ ನಂದ. ಒಬ್ಬರಿಗೆ ಕೇಳಿಸಲಿಲ್ಲಂದ್ರ ಎಲ್ಲಾ ಕೆಡೋ ಹಂಗ ಹಚ್ಚಿಕೊಟ್ಟೀನಿ” ಅಂದಳು.

“ಸಾಕ ಮಾಡ ಆಟ. ನಾಳಿಂದ ನಮ್ಮ ಹೊಲ ನಾವ ಕಾಯೋಣು. ಇಬ್ಬರೂ ಹೊಲಕ್ಕ ನಡೀರಿ. ಪರೀಕ್ಷಾ ಮುಂದಿನ ವರ್ಷ ನೋಡಿದ್ರಾತು.”

“ಮುಂದಿನ ವರ್ಷ ನಾ ಆರನೇತ್ತಾ ಇರತೇನಿ, ಅಪ್ಪಾ. ಅವರು ತೊಗೊಳ್ಳಂಗಿಲ್ಲ.”

ಒಳಗೆ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಅಪ್ಪ ದನಗಳ ಕಡೆ ಹೋದ. ನಾನು ಬಾಗಿಲ ಕಂಬಕ್ಕೆ ಆತುಕೊಂಡು ನಿಂತಿದ್ದೆ. ಆಗ ಬಾಯಿ ತೆರೆದಿದ್ದರೆ ಆಗುತ್ತಿತ್ತು. ನಾಲ್ಕು ಏಟು ಬೀಳುತ್ತಿದ್ದವು, ಐತವಾರ ಅವಳು ಸವದತ್ತಿಯಲ್ಲಿರುತ್ತಿದ್ದಳು. ಶನಿವಾರ ಇಡೀ ದಿನವೂ ಇತ್ತು. ಆಗಲೂ ಹೇಳಲಿಲ್ಲ.

ಐತವಾರ ಮುಂಜಾನೆ ಅವಳು ಅಟ್ಟದ ಮೇಲಿದ್ದಳು. ರಸ್ತೆಯಲ್ಲಿ ಬಸ್ಸು ಹೋದಾಗ ಅತ್ತ ನೋಡುತ್ತಾಳೇನೋ ಎಂದು ನಾನು ಅವಳನ್ನೇ ನೋಡುತ್ತಿದ್ದೆ. ಅವಳು ಹಕ್ಕಿಗಳನ್ನು ನೋಡುತ್ತಿದ್ದಳು.

ಸೋಮವಾರ ಮುಂಜಾನೆ ನನ್ನನ್ನೂ ಎಳೆದುಕೊಂಡು ಇಮಾಮಸಾಬ ಕಾಕಾನ ಮನೆಗೆ ಹೋದಳು. ಪರೀಕ್ಷೆ ಹೋಗಿಯೇ ಬಿಟ್ಟಿತ್ತು, ಅವಳಿಗೆ ಇನ್ನು ಇದರಿಂದ ಆಗಬೇಕಾದ್ದು ಏನೂ ಇರಲಿಲ್ಲ. ಆದರೂ ಹೊಸದೊಂದು ಯೋಚಿಸಿಕೊಂಡು ಬಂದಿದ್ದಳು. ಮೇಲಿನವರು ಬಾರಿಸಿದ ಕೂಡಲೆ ಕೆಳಗಿನವರು ಎರಡು ಏಟು ಮರಳಿ ಬಾರಿಸಬೇಕು. ಮರುಸದ್ದು ಬರಲಿಲ್ಲವೆಂದರೆ ಮೇಲಿನವರು ಓಡಿ ಬಂದು ಆ ಹೊಲವನ್ನೂ ನೋಡಿಕೊಳ್ಳಬೇಕು. ಬಾಬು ಮತ್ತೆ ಶಾಲೆಗೆ ಹೋಗಲಿ ಕಾಕಾ, ಇನ್ನೊಂದು ಸಲ ನೋಡೋಣ ಎಂದಳು.

ಕಾಕಾ ಅವಳತ್ತ ತಿರುಗಿ ಕೇಳಿದ, “ಅವತ್ತ ಯಾರ ತಪ್ಪಿದ್ರು ಅಂತ ಕೇಳಂಗಿಲ್ಲೇನ ಬೇಟಿ ನೀ?”

“ಕೇಳಿ ಏನ ಮಾಡ್ಲಿ ಕಾಕಾ? ಇವತ್ತ ಒಬ್ಬರು ಮರೀತಾರ, ನಾಳೆ ಇನ್ನೊಬ್ಬರು. ಮರೆತ್ರೂ ನಡಿಯೋ ಹಂಗ ಮಾಡಬೇಕು.”

ನಾನು ನೆಲ ನೋಡುತ್ತ ನಿಂತಿದ್ದೆ. ನಷ್ಟ ಆದವನೇ ಮೊದಲು ಹೂಂ ಅಂದ ಮೇಲೆ ಉಳಿದವರು ಬೇಡ ಅನ್ನಲಾಗಲಿಲ್ಲ. ಅಪ್ಪನೂ ಒಪ್ಪಿದ. ಆ ಸುಗ್ಗಿಯವರೆಗೆ ಮತ್ತೊಮ್ಮೆಯೂ ಹಕ್ಕಿಗಳು ನಮ್ಮ ಸಾಲನ್ನು ಒಡೆಯಲಿಲ್ಲ. ಮರುವರ್ಷ ಗುಡ್ಡದ ಇನ್ನೊಂದು ಮಗ್ಗಲಿನ ಹೊಲದವರೂ ನಮ್ಮ ಹುಡುಗಿಯನ್ನು ಕೇಳಿಕೊಂಡು ಬಂದರು.

ನೀಲವ್ವ ವಸತಿ ಶಾಲೆಗೆ ಹೋಗಲಿಲ್ಲ. ಊರಲ್ಲೇ ಓದಿ, ಸವದತ್ತಿಗೆ ಬಸ್ಸಿನಲ್ಲಿ ತಿರುಗಿ ಹತ್ತನೆಯದನ್ನು ಮುಗಿಸಿದಳು. ಬೈಲಹೊಂಗಲದ ಕಡೆಯ ಊರಿಗೆ ಕೊಟ್ಟೆವು. ಅಲ್ಲಿ ಹತ್ತಿ ಬಿಡಿಸುವ ಹೊತ್ತಿಗೆ ಪ್ರತಿ ಮನೆಯೂ ಆಳಿಗಾಗಿ ಪೇಚಾಡುತ್ತಿತ್ತು. ಯಾರ ಹೊಲದಲ್ಲಿ ಮೊದಲು ಅರಳಿದೆ ನೋಡಿ ಎಲ್ಲ ಹೆಂಗಸರೂ ಕೂಡಿ ಆ ಹೊಲ ಮುಗಿಸಿ ಮುಂದಿನದಕ್ಕೆ ಹೋಗುವ ರೂಢಿ ಹಾಕಿದಳು. ಈಗ ಆ ಊರಿನ ಹೆಣ್ಣುಮಕ್ಕಳ ಸಂಘಕ್ಕೆ ಅವಳೇ ಮುಂದಾಳು, ಪಂಚಾಯ್ತಿಗೂ ಅವಳನ್ನೇ ಆರಿಸಿದ್ದಾರೆ. ಕಿತ್ತೂರಿನ ಕಡೆಯಿಂದ ಕೂಡ ಹೆಂಗಸರು ನೋಡಿಹೋಗಲು ಬರುತ್ತಾರಂತೆ. ಮುಂದಾಳು ಎಂದರೆ ಗಟ್ಟಿ ದನಿಯವನು, ದೂರ ಬೀಸುವವನು ಎಂದು ತಿಳಿದಿದ್ದವನು ನಾನು. ಎಲ್ಲರೂ ನೋಡುವುದನ್ನೇ ಬೇರೆ ಕಡೆಯಿಂದ ನೋಡಿ, ಕೆಟ್ಟರೆ ತನ್ನ ಮೇಲೆ ಹಾಕಿಕೊಂಡು ಮತ್ತೆ ಸರಿಮಾಡುವವರ ಹಿಂದೆ ಜನ ತಾವಾಗಿಯೇ ನಡೆಯುತ್ತಾರೆ ಎಂಬುದನ್ನು ತಂಗಿಯಿಂದ ಕಲಿತೆ.

ಈಗ ಆ ಐದು ಹೊಲದಲ್ಲಿ ಬಿಳಿಜೋಳ ಕಡಿಮೆ, ಗೋವಿನಜೋಳವೇ ಹೆಚ್ಚು. ಅಟ್ಟಗಳಿಲ್ಲ. ಅಷ್ಟು ಹಕ್ಕಿಗಳೂ ಇಲ್ಲ. ಮಕ್ಕಳು ಚಳಿಗಾಲದಲ್ಲೂ ಶಾಲೆಗೆ ಹೋಗುತ್ತಾರೆ, ಅದು ಒಳ್ಳೆಯದೇ. ಇಮಾಮಸಾಬ ಕಾಕಾ ಈಗಿಲ್ಲ. ಅವನಿಗೆ ನಾನು ನಿಜ ಹೇಳಲೇ ಇಲ್ಲ.

ಹೋದ ವರ್ಷ ಪಂಚಮಿಗೆ ನೀಲವ್ವ ತವರಿಗೆ ಬಂದಾಗ ಹೇಳಿದೆ. ಅಂಗಳದಲ್ಲಿ ಇಬ್ಬರೇ ಕುಳಿತಿದ್ದೆವು. ಗಾಳಿಯ ಮಾತು ಸುಳ್ಳು, ಬೇಕೆಂದೇ ಬಾರಿಸಲಿಲ್ಲ ಎಂದೆ. ಹಿಂದೆಯೇ, ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದನ್ನೂ ಹೇಳಿದೆ: ಆ ಪರೀಕ್ಷೆ ತಪ್ಪಿದರೇನಾಯಿತು, ನೀನು ಅದಿಲ್ಲದೆಯೂ ಎಲ್ಲರಿಗಿಂತ ಮುಂದೆ ಬಂದೆಯಲ್ಲ.

ಅವಳು ಕೈಯಲ್ಲಿದ್ದ ಉಂಡಿಯನ್ನು ತಟ್ಟೆಗಿಟ್ಟಳು. ಸಿಟ್ಟು ಮಾಡಲಿಲ್ಲ, ಹೋಗಲಿ ಬಿಡು ಎಂದೂ ಅನ್ನಲಿಲ್ಲ.

“ಮುಂದ ಬಂದೆ, ಖರೆ ಐತಿ ಅಣ್ಣಾ. ಆದ್ರ ಆ ಪರೀಕ್ಷಾದಾಗ ಏನೇನ ಕೇಳಿದ್ರು, ನನಗ ಬರತಿತ್ತೋ ಇಲ್ಲೋ, ಇವತ್ತಿಗೂ ನನಗ ಗೊತ್ತಿಲ್ಲ. ಅದೊಂದ ನಾ ನೋಡಬೇಕಿತ್ತ.”

ಯಾವುದನ್ನೂ ನೋಡದೆ ಬಿಡದ ಹುಡುಗಿ ಅವಳು. ಅವಳ ಏಳಿಗೆಯನ್ನೇ ನನಗೆ ಸಿಕ್ಕ ಕ್ಷಮೆ ಎಂದು ಇಷ್ಟು ದಿನ ಹೆಮ್ಮೆಯಿಂದ ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ನನ್ನಿಂದ ಹೋದದ್ದು ಏನೆಂದು ಅವತ್ತು ಗೊತ್ತಾಯಿತು, ಮತ್ತು ಅದನ್ನು ತಂದುಕೊಡುವ ದಾರಿ ಅವಳಿಗೂ ಹೊಳೆಯಲಾರದು.