ಗಲ್ಲಾಪೆಟ್ಟಿಗೆಯ ವಾಚು

ಅವತ್ತು ಮುಂಜಾನೆ ಎಲ್ಲಾ ಎಂದಿನಂತೆಯೇ. ರೊಟ್ಟಿ ಬಡಿದು, ಅತ್ತೆಯವರಿಗೆ ಚಹಾ ಕೊಟ್ಟು, ನಳ ಬರುವ ದಿನವೆಂದು ಕೊಡಗಳನ್ನು ಸಾಲಾಗಿಟ್ಟು ಒಳಗೆ ಬಂದೆ. ರಜೆಗೆ ಮುಂಡರಗಿಗೆ ಬಂದಿದ್ದ ಎಂಜಿನಿಯರಿಂಗ್ ಓದುವ ಮಗಳು ತನ್ನ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಗಡಿಯಾರದ ಎಲೆಕ್ಟ್ರಾನಿಕ್ ಚಿಪ್ಪೊಂದನ್ನು ಕೂಡಿಸಿ, ಅದಕ್ಕೆ ಗುಂಡನೆಯ ಬ್ಯಾಟರಿ ಶೆಲ್ ಹಾಕುತ್ತಿದ್ದಳು.

“ಬರಿಗೈಲೆ ಮುಟ್ಟಬ್ಯಾಡ, ಬೆವರಿಗೆ ಶೆಲ್ ಕೆಡ್ತೈತಿ,” ಅಂದುಬಿಟ್ಟೆ. ಅಂದಮೇಲೆ ನನಗೇ ಬೆರಗು. ಅದು ನನ್ನ ಮಾತಲ್ಲ... ನನ್ನ ತವರು ಬೆಟಗೇರಿಯ ನಮ್ಮ ಓಣಿಯ ಮೂಲೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಕಾಕಾನದು. ಅವರು ಶೆಲ್ಲನ್ನು ಚಿಮಟಿಗೆಯಲ್ಲೇ ಎತ್ತುತ್ತಿದ್ದರು, ಮಲ್ಲಿಗೆ ಮೊಗ್ಗು ಎತ್ತಿದ ಹಾಗೆ.

ನಾನು ಸಣ್ಣವಳಿದ್ದಾಗ, ಕಾನ್ವೆಂಟಿನ ಪರೀಕ್ಷೆಯ ದಿನ ಅವರ ಅಂಗಡಿಯ ಗೋಡೆ ಗಡಿಯಾರ ನೋಡಿ ನನ್ನ ಹೊಸ ವಾಚು ಸರಿಮಾಡಿಕೊಂಡು ಹೋಗಿದ್ದೆ. ಸಾಲಿ ಮುಟ್ಟುವಷ್ಟರಲ್ಲಿ ಗಂಟೆ ಬಾರಿಸಿ ಹತ್ತು ಮಿನಿಟಾಗಿತ್ತು. ಸಿಸ್ಟರು ಹೊರಗೆ ನಿಲ್ಲಿಸಿದರು. ಸಂಜೆ ಅಳುತ್ತ ಬಂದರೆ ಕಾಕಾ ನಕ್ಕರು.

“ಗ್ವಾಡಿ ಮ್ಯಾಲಿನವು ರಿಪೇರಿಗೆ ಬಂದ ಪೇಶಂಟ್ ಅದಾವ ಹುಚ್ಚವ್ವಾ! ಓಡಾಕತ್ತಾವ ಅಂದಕೂಡ್ಲೆ ನಂಬೂದೇನ? ಕೇಳಬೇಕಿಲ್ಲೋ ನನ್ನ?”

ಗಲ್ಲಾಪೆಟ್ಟಿಗೆ ತೆರೆದು, ಕರವಸ್ತ್ರದ ಗಂಟು ಬಿಚ್ಚಿ ಹಳೆಯ ವಾಚು ತೋರಿಸಿದರು. ದಿನಾ ರೇಡಿಯೋಕ್ಕೆ ಹೊಂದಿಸಿಡುತ್ತಿದ್ದ ವಾಚು. ಬೇರೆ ಯಾವುದೇ ಗಡಿಯಾರ ತಿರುಗಿಸುವ ಮೊದಲು ಅದನ್ನು ನೋಡುತ್ತಿದ್ದರು... ಆಮೇಲೆ ನಾನೂ ದಿನಾ ಅವರನ್ನು ಕೇಳಿಯೇ ಸಾಲಿಗೆ ಹೋಗುತ್ತಿದ್ದೆ.

ಮಗಳ ಬೋರ್ಡು ಅತ್ತೆಯವರ ಗುಳಿಗೆ ಡಬ್ಬಿಗೆ. ಮುಂಜಾನೆ ಎಂಟಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ ಗಂಟೆ ಬಾರಿಸಬೇಕು. ಹೋದ ವಾರ ಕರೆಂಟು ಹೋಗಿ ಬಂದು ಎರಡು ತಾಸು ಹಿಂದೆ ಬಿದ್ದು, ಹತ್ತಕ್ಕೆ ಬಾರಿಸಿತ್ತು. ಎಂಟಕ್ಕೇ ಬಿಪಿ ಗುಳಿಗೆ ನುಂಗಿದ್ದನ್ನು ಮರೆತು ಅತ್ತೆಯವರು ಇನ್ನೊಂದನ್ನು ಬಾಯಿಗೆ ಒಯ್ಯುತ್ತಿದ್ದರು. ನಾನು ಕೈ ಹಿಡಿದದ್ದು ಪುಣ್ಯ. ಅದಕ್ಕೇ ಕರೆಂಟು ಹೋದರೂ ಶೆಲ್ಲಿನ ಮೇಲೆ ಓಡುವ ಈ ಚಿಪ್ಪು.

ಮಗಳು ಪ್ಲಗ್ ಕಿತ್ತು, ಅರ್ಧ ತಾಸು ಬಿಟ್ಟು ಹಾಕಿದಳು. ಮತ್ತೆ ಅರ್ಧ ತಾಸು ಹಿಂದಿನ ಹೊತ್ತೇ!

“ಚಿಪ್ಪಿನಾಗ ಟೈಮ್ ಕರೆಕ್ಟ್ ಐತಿ ಮಮ್ಮಿ, ಬೋರ್ಡ್ ಯಾಕ ತಪ್ಪು ತೋರಸ್ತೈತಿ?”

“ಕರೆಂಟ್ ಬಂದು ಎದ್ದಕೂಡ್ಲೆ ಅದು ಯಾರನ್ನ ಕೇಳ್ತೈತಿ?” ಅಂದೆ.

ಅವಳು ತಾನು ಬರೆದ ಪ್ರೋಗ್ರಾಮಿನ ಸಾಲುಗಳನ್ನು ಓದತೊಡಗಿದಳು. ಆಮೇಲೆ ಲ್ಯಾಪ್‌ಟಾಪಿನ ಮೇಲೆ ಬಿದ್ದು ಚೀರಿದಳು, “ಯಾರನ್ನೂ ಕೇಳವಲ್ದು! ಕರೆಂಟ್ ಹೋಗೂಕಿಂತ ಮುಂಚೆ ತಾನು ಬರದಿಟ್ಟಿದ್ದನ್ನ ನಂಬಾಕತ್ತೈತಿ!”

ಎರಡು ಸಾಲು ತಿದ್ದಿದಳು. ಇನ್ನು ಎದ್ದೊಡನೆ ಚಿಪ್ಪನ್ನೇ ಕೇಳಬೇಕು. ಮತ್ತೆ ಪ್ಲಗ್ ಕಿತ್ತೆವು. ಆ ಅರ್ಧ ತಾಸು ಮೊಬೈಲಿನಲ್ಲಿ ಹೊತ್ತು ನೋಡುತ್ತಲೇ ಕೂತೆ... ಹಾಕಿದರೆ, ಸೆಕೆಂಡೂ ತಪ್ಪಿಲ್ಲ! ತಾಯಿ ಮಗಳು ಕೈ ಹಿಡಿದು ಕುಣಿದೆವು.

“ಗುಳಿಗಿ ನನಗ, ಅಮಲು ನಿಮಗ,” ಅಂದರು ಅತ್ತೆಯವರು.

ಕಾಕಾ ತೀರಿಕೊಂಡ ಖಬರು ನನಗೆ ತಿಂಗಳು ತಡವಾಗಿ ಮುಟ್ಟಿತ್ತು. ಈಗ ಆ ಅಂಗಡಿಯಲ್ಲಿ ಮೊಬೈಲ್ ಕವರು ಮಾರುತ್ತಾರೆ. ಆ ವಾಚು ಎಲ್ಲಿ ಹೋಯಿತೋ... ಆಗ ಕೇಳಬೇಕೆಂದೂ ನನಗೆ ಹೊಳೆಯಲಿಲ್ಲ.

ಮಧ್ಯಾಹ್ನ ಕರೆಂಟು ನಿಜವಾಗಿಯೇ ಹೋಗಿ ಬಂತು. ಸಂಜೆ ಹೆಪ್ಪು ಕೇಳಲು ಬಂದ ಪಕ್ಕದ ಮನೆಯಾಕೆ ನಿಂತಿದ್ದಾಗಲೇ ಡಬ್ಬಿ ಟಿಣ್ ಅಂದಿತು. ಅತ್ತೆಯವರು ಒಂದೇ ಗುಳಿಗೆ ನುಂಗಿದರು. ಆಕೆ ತನ್ನ ಮೊಬೈಲ್ ನೋಡಿಕೊಂಡಳು. ಆರು.

“ಅಯ್ಯ ವೈನಿ, ಬರೋಬ್ಬರಿ ಐತಲ್ರಿ! ಯಾರನ್ನ ಕೇಳಿ ಹಚ್ಚೀರಿ ಟೈಮಾ?”