ಡಿಫೆಂಡರ್ ಕಾಲ ಸಂದಿಯಲ್ಲಿ ನನ್ನ ಗೋಲು

ಚೆಂಡು ಆ ಎತ್ತರದ ಅಂಕಲ್ ಕಾಲುಗಳ ನಡುವೆ ನುಸುಳಿ ಗೋಲಿನೊಳಗೆ ಹೋಗಿಯೇಬಿಟ್ಟಿತು. ಒದ್ದವಳು ನಾನು, ಹುಟ್ಟಿದಾಗಿನಿಂದ ಫುಟ್‌ಬಾಲ್ ಮುಟ್ಟದ ನಲವತ್ತಮೂರರ ಧಾರವಾಡದ ಹೆಂಗಸು!

ಸಿಡ್ನಿಯ ಕ್ವೇಕರ್ಸ್ ಹಿಲ್ ಪಾರ್ಕಿನಲ್ಲಿ ಭಾನುವಾರ ಅಕ್ಕಪಕ್ಕದ ಮನೆಯವರೆಲ್ಲ ಆಡುತ್ತಿದ್ದೆವು. ಆ ಅಂಕಲ್ ಪಕ್ಕದ ಮನೆಯಲ್ಲಿರುವ ತಮ್ಮ ಮಗಳನ್ನು ನೋಡಲು ಇಂಗ್ಲೆಂಡಿನಿಂದ ಬಂದಿದ್ದರು. ನಾನು ಕುಣಿಯುತ್ತಿದ್ದರೆ ನನ್ನ ಗಂಡ ತಲೆಯ ಮೇಲೆ ಕೈ ಹೊತ್ತು ಓಡಿಬಂದರು.

"ಅವರು ಯಾರಂತ ಗೊತ್ತೈತೇನ ನಿನಗ? ಇಪ್ಪತ್ತ ವರ್ಷ ಇಂಗ್ಲೆಂಡಿನ್ಯಾಗ ಒಂದ ಕ್ಲಬ್ಬಿಗೆ ಎದುರಿನವರನ್ನ ತಡಿಯೋ ಡಿಫೆಂಡರ್ ಆಗಿದ್ರಂತ! ಈಗ ಅವರ ಮಗಳು ಹೇಳಿದ್ಲು!"

ನಾನು ನಾಚಿ ಸಾರಿ ಎಂದೆ. ಅವರು ಹುಲ್ಲಿನ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದರು: "ಎದುರಿನವರ ಕಣ್ಣು ನೋಡಿದರೆ ಸಾಕು, ಚೆಂಡು ಎತ್ತ ಒದೆಯುತ್ತಾರೆಂದು ನನಗೆ ತಿಳಿಯುತ್ತಿತ್ತು. ನಿಮಗೇ ಗೊತ್ತಿಲ್ಲದಿದ್ದರೆ ನನಗೆ ಹೇಗಮ್ಮಾ ತಿಳಿಯಬೇಕು?"

ಅವರು ಬೇಕೆಂದೇ ಗೋಲು ಬಿಟ್ಟುಕೊಟ್ಟರೆಂದು ಗಂಡ ಇಂದಿಗೂ ವಾದಿಸುತ್ತಾರೆ. ವಾದಿಸಲಿ ಬಿಡಿ. ನಾನು ಮರುದಿನವೇ ಹೋಗಿ ಫುಟ್‌ಬಾಲ್ ಬೂಟು ಕೊಂಡೆ. ಈಗ ಭಾನುವಾರ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವಳು ನಾನೇ.