ಗ್ರೂಪ್ ಬಿಟ್ಟ ಸೋದರಮಾವ

ಮಗಳ ಮದುವೆಗೆ ಮನೆ ಮನೆಗೆ ಹೋಗಿ ಹೇಳಿಕೆ ಮಾಡುತ್ತೇನೆ ಎಂದು ನಾನು ಹೊರಟಾಗ ಮನೆಯವರೆಲ್ಲ ನಕ್ಕರು. ಮಗಳಿಗೆ ಮಣಿಪಾಲದ ಒಂದು ಕಚೇರಿಯಲ್ಲಿ ಕೆಲಸ. ಮದುವೆ ಕಾಗದವನ್ನು ಅವಳೇ ಮೊಬೈಲಿನಲ್ಲಿ ಚೆಂದ ಮಾಡಿದ್ದಳು. ತೆರೆದರೆ ವಾಲಗ ಕೇಳುತ್ತಿತ್ತು, ಮಲ್ಲಿಗೆ ಉದುರುತ್ತಿತ್ತು. ಅದನ್ನು ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕಿ, "ಎಲ್ಲರಿಗೂ ತಲುಪಿತು ಅಮ್ಮ, ಇನ್ನು ಎಂತ ಹೇಳ್ಲಿಕ್ಕುಂಟು?" ಎಂದಳು. ಹೆಬ್ಬೆರಳಿನ ಚಿತ್ರ, ಕೈಮುಗಿದ ಚಿತ್ರ ಒಂದರ ಹಿಂದೆ ಒಂದು ಬಂದವು. ಈ ಹೆಬ್ಬೆರಳುಗಳು ಮದುವೆಗೆ ಬಂದು ಊಟಕ್ಕೆ ಕೂರುತ್ತವೆಯೇ ಎಂದು ಕೇಳಿದೆ.

ಇಂಟರ್ನೆಟ್ ಕಂಡರೆ ಆಗದವಳು ನಾನಲ್ಲ. ಕಟಪಾಡಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ರವಿಕೆಯ ಹೊಸ ಡಿಸೈನುಗಳನ್ನೆಲ್ಲ ಮೊಬೈಲ್ ನೋಡಿಯೇ ಕಲಿತಿದ್ದೇನೆ. ಆದರೆ ತಿಳಿಸುವುದು ಬೇರೆ, ಕರೆಯುವುದು ಬೇರೆ. ನಾಳೆ ಕರೆಂಟ್ ಇರುವುದಿಲ್ಲ ಎಂದು ತಿಳಿಸುವ ಹಾಗೆ ಮದುವೆಯನ್ನೂ ತಿಳಿಸಿ ಕೈತೊಳೆದುಕೊಂಡರೆ ಆಯಿತೇ? ನಮ್ಮ ಕಡೆ ಹೇಳಿಕೆ ಎಂದರೆ ಹೊಸ್ತಿಲು ದಾಟಿ ಒಳಗೆ ಹೋಗಬೇಕು, ಅವರು ಕೊಟ್ಟ ಬೆಲ್ಲ ನೀರು ಕುಡಿಯಬೇಕು, ಬಾಯಿಬಿಟ್ಟು ಬನ್ನಿ ಎನ್ನಬೇಕು.

ನನ್ನ ಹಟಕ್ಕೆ ಇನ್ನೂ ದೊಡ್ಡ ಕಾರಣ ನನ್ನ ಅಣ್ಣ. ಕಾಪುವಿನಲ್ಲಿ ಮನೆ, ದೋಣಿಯ ಕೆಲಸ. ನಮ್ಮಲ್ಲಿ ಮದುಮಗಳನ್ನು ಕೈಹಿಡಿದು ಮಂಟಪಕ್ಕೆ ಕರೆತರುವವನು ಸೋದರಮಾವ. ಆ ಸೋದರಮಾವ ಕಳೆದ ವರ್ಷ ಗ್ರೂಪ್ ಬಿಟ್ಟಿದ್ದ. ಅಪ್ಪನ ಜಾಗದ ಬಗ್ಗೆ ಗ್ರೂಪಿನಲ್ಲಿ ಒಂದಿಷ್ಟು ಬಿಸಿ ಮಾತು ನಡೆದ ದಿನವೇ ಅವನು ಹೊರಗೆ ಹೋದದ್ದು ಎಲ್ಲರಿಗೂ ಕಂಡಿತು. ಎಷ್ಟು ಸೊಕ್ಕು ಎಂದು ಚಿಕ್ಕಪ್ಪನಿಂದ ಹಿಡಿದು ಎಲ್ಲರೂ ಮುಖ ಊದಿಸಿಕೊಂಡರು. ಕಟಪಾಡಿಯಲ್ಲಿ ಬಸ್ಸು ಹತ್ತಿ ಟಿಕೆಟ್ ತೆಗೆದುಕೊಳ್ಳುವಷ್ಟರಲ್ಲಿ ಕಾಪು ಬರುತ್ತದೆ. ಆದರೂ ಹೋಗಿ ಕೇಳಿದವರು ಒಬ್ಬರಿಲ್ಲ, ನನ್ನನ್ನೂ ಸೇರಿಸಿ. ಈಗ ಮಗಳನ್ನು ಮಂಟಪಕ್ಕೆ ಕರೆತರುವವರು ಯಾರು ಎಂದರೆ, "ನಿನ್ನ ಚಿಕ್ಕಪ್ಪನ ಮಗ ಉಂಟಲ್ವಾ?" ಎಂದರು ನನ್ನ ಗಂಡ. ನನಗೆ ಮೈಯೆಲ್ಲ ಉರಿಯಿತು. ಸ್ವಂತ ಅಣ್ಣ ಗಟ್ಟಿಮುಟ್ಟಾಗಿರುವಾಗ ಬದಲಿ ಅಣ್ಣ ನನಗೆ ಬೇಡ ಎಂದು ಹೇಳಿ ಬಸ್ಸು ಹತ್ತಿದೆ.

ಅಣ್ಣ ಜಗಲಿಯಲ್ಲಿ ಕುಳಿತು ಬಲೆ ಸರಿಮಾಡುತ್ತಿದ್ದ. ತಲೆ ಎತ್ತಲಿಲ್ಲ. ಅತ್ತಿಗೆ ಬೆಲ್ಲ ನೀರು ತಂದಿಟ್ಟರು.

"ಕಾಗದ ನೋಡಿದೆ," ಎಂದ ಅಣ್ಣ. "ದೋಣಿಯ ಹತ್ತಿರ, ಬೇರೆಯವರ ಮೊಬೈಲಿನಲ್ಲಿ. ಸೋದರಮಾವನಿಗೆ ಅಷ್ಟು ಸಾಕು, ಅಲ್ವಾ?"

"ಗ್ರೂಪ್ ಬಿಟ್ಟು ಹೋದದ್ದು ಯಾರು?" ನಾನೂ ಬಿಡಲಿಲ್ಲ.

ಅವನು ಬಲೆ ಕೆಳಗಿಟ್ಟ. "ಎಂತ ಮಾರಾಯ್ತಿ, ಬೆಳಗಾದರೆ ಗುಡ್ ಮಾರ್ನಿಂಗ್ ಹೂವು, ದೇವರ ಫೋಟೋ, ವಿಡಿಯೋ. ಮೊಬೈಲ್ ತುಂಬಿ ಹ್ಯಾಂಗ್ ಆಗ್ತಿತ್ತು. ಗಾಳಿ ಉಂಟು, ಕಡಲಿಗೆ ಹೋಗಬೇಡಿ ಅಂತ ಬಂದ ಮೆಸೇಜ್ ನಾನು ನೋಡಿದ್ದು ಆ ಗಾಳಿಯಲ್ಲೇ ಹೋಗಿ ವಾಪಸ್ ಬಂದ ಮೇಲೆ. ಆವತ್ತೇ ಬಿಟ್ಟೆ. ನಾನು ಬಿಟ್ಟದ್ದು ಗ್ರೂಪನ್ನು, ನಿಮ್ಮನ್ನಲ್ಲ."

ಜಾಗದ ಮಾತನ್ನು ಅವನು ಓದಿಯೇ ಇರಲಿಲ್ಲ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಒಂದು ಇಡೀ ವರ್ಷ ಒಂದು ಕುಟುಂಬ ಬೆರಳ ತುದಿಯಲ್ಲಿ ಜಗಳ ಆಡಿದೆ, ಜಗಳ ಆಡಬೇಕಾದವನಿಗೆ ಸುದ್ದಿಯೇ ಇಲ್ಲ. ಮದುವೆಗೆ ಬಾ ಎಂದೆ.

"ನೀನು ಬಂದದ್ದು ಒಳ್ಳೆಯದಾಯಿತು," ಎಂದ. "ಆದರೆ ಮದುವೆ ನಿನ್ನದಲ್ಲ. ಅವಳು ಬಂದು ಹೇಳಲಿ."

ಮನೆಗೆ ಬಂದು ಮಗಳಿಗೆ ಎಲ್ಲವನ್ನೂ ಹೇಳಿದೆ. ಅವಳ ಮುಖ ಸಣ್ಣದಾಯಿತು. "ಅಯ್ಯೋ, ಈಗಲೇ ಮಾವನಿಗೆ ಸಾರಿ ಅಂತ ವಾಯ್ಸ್ ಮೆಸೇಜ್ ಕಳಿಸ್ತೇನೆ," ಎಂದು ಮೊಬೈಲ್ ಎತ್ತಿದಳು. ನಾನು ಅದನ್ನು ಕಿತ್ತುಕೊಂಡು ಅಕ್ಕಿ ಡಬ್ಬಿಯೊಳಗೆ ಹಾಕಿ ಮುಚ್ಚಿದೆ.

"ಚಪ್ಪಲಿ ಹಾಕು," ಎಂದೆ. "ನಾನು ಹಳೇ ಕಾಲದವಳು ಅಂತ ಹೇಳ್ಲಿಕ್ಕಿದ್ದರೆ ಬಸ್ಸಿನಲ್ಲಿ ಕುಳಿತು ಹೇಳು."

ಇಬ್ಬರೂ ಕಾಪುವಿನ ಜಗಲಿ ಹತ್ತಿದೆವು. ಊರಿಗೆಲ್ಲ ಕ್ಷಣಕ್ಕೊಂದು ಬರೆದು ಕಳಿಸುವ ಹುಡುಗಿ ಮಾವನ ಎದುರು ಚೂಡಿದಾರದ ಶಾಲನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಳು. ಕೊನೆಗೆ, "ಮಾವ, ನನಗೆ ಮದುವೆ," ಎಂದಳು.

"ಹೌದಾ!" ಎಂದ ಅಣ್ಣ. "ಹುಡುಗ ಎಲ್ಲಿಯವನು?"

"ಕಾರ್ಕಳದವರು."

"ಯಾವಾಗ? ಎಲ್ಲಿ? ಮುಹೂರ್ತ ಎಷ್ಟು ಗಂಟೆಗೆ?"

ಎಲ್ಲವನ್ನೂ ಕಾಗದದಲ್ಲಿ ನೋಡಿ ತಿಳಿದಿದ್ದವನು ಮೊದಲ ಸಲ ಕೇಳುವವನಂತೆ ಒಂದೊಂದನ್ನೇ ಅವಳ ಬಾಯಿಂದ ಹೇಳಿಸಿದ. ಎಲ್ಲ ಹೇಳಿ ಮುಗಿಸಿ ಅವಳು, "ನೀವು ಕೈಹಿಡಿಯದಿದ್ದರೆ ನಾನು ಮಂಟಪಕ್ಕೆ ಬರುವುದಿಲ್ಲ, ಮಾವ," ಎಂದಳು.

ಅಣ್ಣ ಒಳಗೆ ತಿರುಗಿ ಅತ್ತಿಗೆಯನ್ನು ಗಟ್ಟಿಯಾಗಿ ಕರೆದ.

"ಕೇಳಿತಾ? ನಮ್ಮ ಹುಡುಗಿಗೆ ಮದುವೆ ಅಂತೆ."